ತಾತನ ಮಂಚದ ಜಾಗದಲ್ಲಿ ನಿಂತ ಬೈಕು

ಪೆಟ್ರೋಲ್ ಬಂಕಿನ ಹತ್ತಿರ ಆಟೋ ನಿಂತರೆ ನಾನು ಮೂಗಿಗೆ ಸೆರಗು ಹಿಡಿಯುತ್ತೇನೆ. ಸ್ಕೂಲಿನಲ್ಲಿ ನನ್ನ ಜೊತೆ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ಟೀಚರಮ್ಮನಿಗೆ ಎಲ್ಲದಕ್ಕೂ ಅಸಹ್ಯ ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಂಡು ನಗುತ್ತಿದ್ದರು. ಎಲ್ಲದಕ್ಕೂ ಅಲ್ಲ. ಮಕ್ಕಳು ತರಗತಿಯಲ್ಲಿ ವಾಂತಿ ಮಾಡಿಕೊಂಡರೆ ಆಯಾಗೆ ಕಾಯದೆ ನಾನೇ ಬಳಿದು ತೊಳೆದವಳು. ಹಾಸಿಗೆ ಹಿಡಿದಿದ್ದ ಅತ್ತೆಯ ಬಟ್ಟೆ ಒಗೆದು, ಕೈ ತೊಳೆದುಕೊಂಡು, ನೆಟ್ಟಗೆ ಊಟಕ್ಕೆ ಕೂತವಳು. ಮನುಷ್ಯನ ಮೈಯಿಂದ ಬರುವುದು ಯಾವುದೂ ನನಗೆ ಹೇಸಿಗೆಯಲ್ಲ. ಆದರೆ ಆಯಿಲ್ ಬೆರೆಸಿದ ಪೆಟ್ರೋಲಿನ ಆ ಸಿಹಿ ಸಿಹಿ ವಾಸನೆ, ಆ ನೀಲಿ ಹೊಗೆ, ಗ್ರೀಸು ಕೂತ ಗಂಡಸರ ಉಗುರು, ಇವನ್ನು ಕಂಡರೆ ಈ ವಯಸ್ಸಿನಲ್ಲೂ ನನ್ನ ಹೊಟ್ಟೆ ತೊಳಸುತ್ತದೆ.

ಈಚೆಗೆ ಹಾಸನದಲ್ಲಿ ಹಳೇ ಗಾಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದು ಪ್ರದರ್ಶನ ಮಾಡಿದರು. ಚಿಕ್ಕಪ್ಪನ ಮಗ ಮೂರು ಸಲ ಫೋನ್ ಮಾಡಿದ. ಅಕ್ಕ, ತಾತನ ಗಾಡಿ ಮೊದಲನೇ ಸಾಲಲ್ಲಿದೆ, ನೀನು ಬರದಿದ್ದರೆ ಹೇಗೆ ಎಂದ. ಹೋದೆ. ಕೆಂಪು ಟ್ಯಾಂಕು ಮುಖ ನೋಡಿಕೊಳ್ಳುವ ಹಾಗೆ ಹೊಳೆಯುತ್ತಿತ್ತು. ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ. ಮೈಸೂರಿನಲ್ಲೇ ತಯಾರಾಗುತ್ತಿದ್ದ, ಕಿಕ್ಕರನ್ನೇ ಒತ್ತಿ ತಿರುಗಿಸಿದರೆ ಗೇರೂ ಆಗುವ ಆ ಮಾದರಿಯ ಬೈಕು ನೋಡಲು ಜನ ಮುಗಿಬಿದ್ದಿದ್ದರು. ತಮ್ಮ ಅವರಿಗೆಲ್ಲ ಕಥೆ ಹೇಳುತ್ತಿದ್ದ.

"ನಮ್ ತಾತಂದು ಸಾ. ಪೂರ್ತಿ ತುಕ್ಕಿಡ್ದು ಕೊಟ್ಗೇಲಿ ಬಿದ್ದಿತ್ತು. ನಮ್ಮಪ್ಪ, ದೊಡ್ಡಪ್ಪ ಇಬ್ರೂ ಸೇರ್ಕಂಡು ಮಗೀನ ನೋಡ್ಕಂಡಂಗೆ ನೋಡ್ಕಂಡು ಓಡೋ ಅಂಗೆ ಮಾಡುದ್ರು. ತಾತನ ಮ್ಯಾಲೆ ಅಷ್ಟು ಪ್ರೀತಿ ಸಾ ಅವ್ರಿಗೆ."

ಪ್ರೀತಿಯಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿನ್ನೂ ಹುಟ್ಟಿರಲಿಲ್ಲ. ಅವನಿಗೆ ಎಷ್ಟು ಹೇಳಿದ್ದಾರೋ ಅಷ್ಟನ್ನು ಹೇಳಿದ. ಹೇಳದೆ ಬಿಟ್ಟದ್ದು ಗೊತ್ತಿರುವವಳು ಈಗ ನಾನೊಬ್ಬಳೇ.

ನಮ್ಮದು ಕಟ್ಟಾಯದ ಹತ್ತಿರದ ಹಳ್ಳಿ. ಮನೆ ತುಂಬ ದೊಡ್ಡದೇನಲ್ಲ, ಆದರೆ ಪಡಸಾಲೆ ಮಾತ್ರ ಊರಲ್ಲೇ ಚೆನ್ನಾಗಿತ್ತು. ಕೆಂಪು ಗಾರೆ ನೆಲ, ಬೀದಿಯ ಕಡೆಗೆ ಎರಡು ಕಿಟಕಿ, ಬೆಳಗಿನ ಬಿಸಿಲು ಒಳಗೆ ಬಂದು ಕೂರುತ್ತಿತ್ತು. ಆ ಕಿಟಕಿಯ ಪಕ್ಕ ತಾತನ ಮಂಚ. ತಾತ ಒಂದು ಕಾಲದಲ್ಲಿ ಹಾಸನದ ಮಂಡಿಗೆ ಆಲೂಗಡ್ಡೆ ಲೆಕ್ಕ ನೋಡಲು, ಅರಕಲಗೂಡಿನ ನೆಂಟರ ಮನೆಗೆ, ಎಲ್ಲಿಗೂ ಈ ಬೈಕಿನಲ್ಲೇ ಹೋಗುತ್ತಿದ್ದವರು. ಮಕ್ಕಳು ಮುಟ್ಟಿದರೆ ಬಾರುಕೋಲು ತೆಗೆಯುತ್ತಿದ್ದರಂತೆ. ಒಂದು ದಿನ ಚನ್ನರಾಯಪಟ್ಟಣದ ದಾರಿಯಲ್ಲಿ ಇಂಜಿನ್ ಕಚ್ಚಿಕೊಂಡು ನಿಂತುಬಿಟ್ಟಿತು. ಎತ್ತಿನ ಗಾಡಿಯ ಮೇಲೆ ಹೇರಿಕೊಂಡು ಬಂದು ಕೊಟ್ಟಿಗೆಗೆ ನೂಕಿದವರು ಅದನ್ನು ತಿರುಗಿ ನೋಡಲಿಲ್ಲ. ಹಠಮಾರಿ ಮನುಷ್ಯ, ಅದಕ್ಕೆ ತಾನು ಬೇಡವಾದರೆ ತನಗೂ ಅದು ಬೇಡ ಎಂದು ಬಸ್ಸು ಹತ್ತಿದರು. ಕೋಳಿಗಳು ಅದರ ಮೇಲೆ ಕೂರತೊಡಗಿದವು. ನಾನು ಕಣ್ಣು ಬಿಟ್ಟಾಗಿನಿಂದ ಕಂಡ ಬೈಕು ಹಿಕ್ಕೆಯ ಗುಡ್ಡೆ, ಅಷ್ಟೆ.

ಆಮೇಲೆ ತಾತನಿಗೆ ಲಕ್ವ ಹೊಡೆಯಿತು. ಬಲಭಾಗ ಪೂರ್ತಿ ಬಿತ್ತು, ಮಾತು ಹೋಯಿತು. ಉಳಿದದ್ದು ಒಂದೇ ಮಾತು, ಬ್ಯಾಡ. ನೀರು ಕೊಟ್ಟರೂ ಬ್ಯಾಡ, ಬೆಳಕು ಹಾಕಿದರೂ ಬ್ಯಾಡ, ಯಾರಾದರೂ ಹೇಗಿದ್ದೀರಿ ಎಂದರೂ ಬ್ಯಾಡ. ಮನೆಯವರೆಲ್ಲ ಅದನ್ನು ಮಾತೆಂದು ಎಣಿಸುವುದನ್ನೇ ಬಿಟ್ಟರು. ನಮ್ಮವ್ವ ಒಬ್ಬಳಿಗೆ ಮಾತ್ರ ಯಾವ ಬ್ಯಾಡಕ್ಕೆ ನೀರು ಕೊಡಬೇಕು, ಯಾವ ಬ್ಯಾಡಕ್ಕೆ ಬಟ್ಟೆ ಬದಲಿಸಬೇಕು ಎಂದು ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ಅಜ್ಜಿ ಆಗಲೇ ಇರಲಿಲ್ಲ. ಹೀಗಾಗಿ ತಾತನ ಉಣ್ಣುವುದು, ಉಚ್ಚೆ, ಸ್ನಾನ ಎಲ್ಲ ಸೊಸೆಯಾದ ಅವ್ವನ ಪಾಲು. ಆಸ್ಪತ್ರೆಯ ನರ್ಸಮ್ಮ ಒಂದೇ ಮಾತು ಹೇಳಿ ಕಳಿಸಿದ್ದರು. ಮೇಲಿಂದ ಮೇಲೆ ಮಗ್ಗುಲು ಬದಲಿಸಬೇಕು, ಕೆಳಗೆ ಮೆತ್ತನೆ ಬಟ್ಟೆ ಇರಬೇಕು, ಇಲ್ಲದಿದ್ದರೆ ಬೆನ್ನು ಕೊಳೆಯುತ್ತದೆ. ಅವ್ವ ತನ್ನ ಹಳೇ ಹತ್ತಿ ಸೀರೆಗಳನ್ನು ಹರಿದು, ಕುದಿಸಿ ಒಣಗಿಸಿ, ಬಿದಿರು ಬುಟ್ಟಿಯಲ್ಲಿ ಮಡಿಸಿಟ್ಟಿದ್ದಳು. ಆದರೆ ತಾತ ಆಳೆತ್ತರದ ಮನುಷ್ಯ, ಅವ್ವ ಕಡ್ಡಿ. ಒಬ್ಬಳೇ ತಿರುಗಿಸಲು ಹೋದರೆ ಚರ್ಮ ಉಜ್ಜಿಕೊಂಡು ಇನ್ನಷ್ಟು ಕಿತ್ತುಬರುತ್ತಿತ್ತು. ಅವಳು ಅಪ್ಪನನ್ನೂ ಚಿಕ್ಕಪ್ಪನನ್ನೂ ಕೇಳಿದ್ದು ಒಂದೇ ಒಂದು.

"ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ, ಯಾರಾರ ಒಬ್ರು ಬಂದು ಆ ಕಡೆ ಇಡ್ಕಂಡ್ರೆ ಸಾಕು. ಮಗ್ಲು ತಿರುಗ್ಸಕ್ಕೆ ನನ್ ಕೈಲಿ ಒಬ್ಳೇ ಆಗಲ್ಲ. ಬೆನ್ನು ಉಣ್ಣಾಯ್ತಾ ಅದೆ."

"ನಂಗೆ ಆ ವಾಸ್ನೆ ತಡ್ಕಳಕ್ಕಾಗಲ್ಲ ಕಣೆ. ಒಟ್ಟೆ ತೊಳುಸ್ತದೆ," ಎಂದ ಅಪ್ಪ.

ಚಿಕ್ಕಪ್ಪ ಇನ್ನೂ ನಾಜೂಕು. ಅವನಿಗೆ ಗಾಯ ನೋಡಿದರೆ ತಲೆ ಸುತ್ತು ಬರುತ್ತದಂತೆ. ಇಬ್ಬರೂ ಹೊಸ್ತಿಲಾಚೆ ನಿಂತು "ಅಯ್ಯಾ, ಉಂಡಾ?" ಎಂದು ಕೂಗಿ ಜಾಗ ಖಾಲಿ ಮಾಡುತ್ತಿದ್ದರು. ಅವರನ್ನು ನೋಡಿ ನಾನೂ ಕಲಿತೆ. ಸ್ಕೂಲಿಗೆ ಹೋಗುವಾಗ ಉಸಿರು ಬಿಗಿಹಿಡಿದು ಪಡಸಾಲೆ ದಾಟಿ, ಬೀದಿಗೆ ಬಿದ್ದ ಮೇಲೆ ಉಸಿರಾಡುತ್ತಿದ್ದೆ.

ಹೀಗಿರುವಾಗ ಹಿರೀಸಾವೆಯಿಂದ ಸೋದರತ್ತೆ ಬಂದಳು. ಅಪ್ಪನ ಅಕ್ಕ. ಬಾಯಿ ದೊಡ್ಡದು, ಕಣ್ಣೀರು ಅದಕ್ಕಿಂತ ಅಗ್ಗ. ಅವರ ಕಡೆ ಯಾರಿಗೋ ಹೀಗೇ ಮಾತು ಹೋಗಿತ್ತಂತೆ, ಅವನ ಎತ್ತಿನ ಕೊರಳ ಗಂಟೆಯನ್ನು ಕಿವಿಯ ಹತ್ತಿರ ಆಡಿಸಿದ್ದೇ ತಡ ಎದ್ದು ಕೂತು ಎತ್ತಿನ ಹೆಸರು ಕರೆದನಂತೆ. ಇಷ್ಟು ಸಾಕಾಯಿತು.

"ಅಯ್ಯಂಗೆ ಆ ಮೋಟ್ರು ಅಂದ್ರೆ ಪ್ರಾಣ ಕಣ್ಲಾ. ಅದ್ರ ಸವುಂಡು ಒಂದ್ಸಲ ಕಿವಿಗೆ ಬೀಳ್ಲಿ, ಮಾತು ಬರ್ದಿದ್ರೆ ಕೇಳಿ," ಎಂದಳು.

ಚಿಕ್ಕಪ್ಪ ಹಾಸನದ ಒಂದು ಗ್ಯಾರೇಜಿನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ ಜಗಳ ಆಡಿಕೊಂಡು ಬಂದವನು. ಅವನ ಕಣ್ಣು ಅರಳಿತು. ಆಯುಧಪೂಜೆ ಹೊತ್ತಿಗೆ ಗಾಡಿ ಓಡಲೇಬೇಕು ಎಂದು ಅಣ್ಣತಮ್ಮ ಇಬ್ಬರೂ ಪಣ ತೊಟ್ಟರು. ಅವ್ವನಿಗೂ ಮೊದಲು ಖುಷಿಯೇ ಆಗಿತ್ತು ಪಾಪ. ಗಾಡಿಯ ನೆಪದಲ್ಲಾದರೂ ಮಕ್ಕಳು ಅಪ್ಪನ ಹತ್ತಿರ ಬಂದಾರು ಎಂದುಕೊಂಡಳು. ಆದರೆ ಕೊಟ್ಟಿಗೆಯಲ್ಲಿ ಧೂಳು, ಕತ್ತಲೆ. ಬಿಚ್ಚಿದ ಸಾಮಾನು ಕಳೆದುಹೋಗುತ್ತದೆ. ಬೆಳಕು ಬೇಕು, ಒಳ್ಳೇ ನೆಲ ಬೇಕು. ಒಂದು ಭಾನುವಾರ ಬೈಕನ್ನು ಎಳೆದು ತಂದು ಪಡಸಾಲೆಯಲ್ಲಿ ಕಿಟಕಿಯ ಪಕ್ಕ ನಿಲ್ಲಿಸಿದರು. ತಾತನ ಮಂಚವನ್ನು, ತಾತನ ಸಮೇತ, ಆಳುಗಳಿಂದ ಹೊರಿಸಿ ಹಿಂದಿನ ಬೂಸಾ ಕೋಣೆಗೆ ಹಾಕಿದರು. ಅಲ್ಲಿ ದನಗಳ ಹಿಂಡಿ, ಬೂಸಾ ಮೂಟೆ, ಮೇಲೊಂದು ಗಾಜಿನ ಹೆಂಚು, ಅಷ್ಟೇ ಬೆಳಕು. ಎಲ್ಲ ಸ್ವಲ್ಪ ದಿನದ ಮಟ್ಟಿಗೆ ಎಂದರು.

ಇನ್ನು ಆ ಹೊಲಸಿನ ವಿಚಾರಕ್ಕೆ ಬರುತ್ತೇನೆ. ಹೆತ್ತಪ್ಪನ ವಾಸನೆ ತಡೆಯದ ಈ ಇಬ್ಬರು ನಾಜೂಕುಗಾರರು ಆ ಬೈಕಿಗೆ ಮೊಣಕೈವರೆಗೂ ಕೈ ಹಾಕಿದರು. ವರ್ಷಗಟ್ಟಲೆ ಕೂತ ಕೋಳಿ ಹಿಕ್ಕೆಯನ್ನು ಅವ್ವನ ದೋಸೆ ಮಗುಚುವ ಸಟ್ಟುಗದಿಂದಲೇ ಕೆರೆದರು. ಸೀಟು ಹರಿದರೆ ಒಳಗೆ ಇಲಿಯ ಗೂಡು. ಕಣ್ಣು ಬಿಡದ ಗುಲಾಬಿ ಮರಿಗಳು, ಜೊತೆಗೆ ಸತ್ತು ನಾತ ಹೊಡೆಯುತ್ತಿದ್ದ ತಾಯಿ. ಗಾಯ ನೋಡಿದರೆ ತಲೆ ಸುತ್ತುವ ಚಿಕ್ಕಪ್ಪ ಅದನ್ನೆಲ್ಲ ಬರಿಗೈಲಿ ಬಾಚಿ ತಿಪ್ಪೆಗೆ ಎಸೆದು, ಕೈಯನ್ನು ಚಡ್ಡಿಗೆ ಒರೆಸಿಕೊಂಡು, ಅದೇ ಕೈಲಿ ಮುದ್ದೆ ಮುರಿದ. ಟ್ಯಾಂಕಿನ ತಳದಲ್ಲಿ ಉಳಿದ ಹಳೇ ಪೆಟ್ರೋಲು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆ ಹಾಕಿ ಕುಲುಕಿ, ಪೈಪನ್ನು ಬಾಯಿಗಿಟ್ಟು ಎಳೆದು, ಬಾಯ್ತುಂಬ ಬಂದದ್ದನ್ನು ಅಂಗಳಕ್ಕೆ ಉಗಿದು ಚಿಕ್ಕಪ್ಪ ಹಲ್ಲು ಕಿರಿಯುತ್ತಿದ್ದ. ಇಬ್ಬರಿಗೂ ಒಂದು ದಿನವೂ ಹೊಟ್ಟೆ ತೊಳಸಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಥೂ ಅನ್ನಬೇಕೆನಿಸುತ್ತದೆ.

ಪಡಸಾಲೆಯಲ್ಲಿ ಶುರುವಾದದ್ದು ಅಡುಗೆಮನೆಗೂ ನುಗ್ಗಿತು. ಟ್ಯಾಂಕಿನ ಒಳಗಿನ ತುಕ್ಕಿಗೆ ಹುಣಸೇಹುಳಿ ಒಳ್ಳೆಯದೆಂದು ವರ್ಷಕ್ಕೆಂದು ಕಟ್ಟಿಟ್ಟಿದ್ದ ಹುಳಿಯನ್ನು ಕಿವುಚಿ, ಸಣ್ಣ ಜಲ್ಲಿಯ ಜೊತೆ ಒಳಗೆ ಸುರಿದು, ಇಬ್ಬರೂ ಎರಡು ಕಡೆ ಹಿಡಿದು ಜೋಕಾಲಿ ಆಡಿಸಿದರು. ಅಲ್ಲಿಂದಾಚೆ ನಮ್ಮ ಮನೆಯ ಸಾರಿಗೆ ಹುಳಿಯಿಲ್ಲ. ಇಂಜಿನ್ನಿನ ಬೇರಿಂಗು ಬಿಡುತ್ತಿಲ್ಲ, ಕುದಿನೀರಲ್ಲಿ ಮುಳುಗಿಸಿದರೆ ಬಿಡುತ್ತದೆ ಎಂದು ಮುದ್ದೆ ತಪ್ಪಲೆಯನ್ನೇ ಎತ್ತಿಕೊಂಡು ಹೋದರು. ಅವ್ವ ಬೂದಿ ಹಾಕಿ ಎಷ್ಟು ತಿಕ್ಕಿದರೂ ಮುದ್ದೆಯ ಮೇಲೆ ಬಣ್ಣಬಣ್ಣದ ಎಣ್ಣೆ ಹೊಳೆಯುತ್ತಿತ್ತು. ನಾನು ಉಣ್ಣದೆ ಎದ್ದರೆ ಅಪ್ಪ ಗದರುತ್ತಿದ್ದ. ಕಚ್ಚಿಕೊಂಡಿದ್ದ ಪಿಸ್ಟನ್ ಸಡಿಲವಾಗಲೆಂದು ಸೀಮೆಎಣ್ಣೆ ತುಂಬಿಸಿ ಮೂಲೆಯಲ್ಲಿಟ್ಟರು, ಅದು ಸೋರಿ ಗಾರೆ ನೆಲದ ತುಂಬ ಹರಿಯಿತು. ಕಡೆಗೆ ಸೈಲೆನ್ಸರ್ ಒಳಗಿನ ಕರಿ ಸುಡಬೇಕೆಂದು ಎರಡೂ ಕೊಳವೆಗಳನ್ನು ಬಚ್ಚಲುಮನೆಯ ಹಂಡೆ ಒಲೆಗೆ ತುರುಕಿದರು. ಸುಟ್ಟ ಎಣ್ಣೆಯ ಘಾಟು ಮನೆ ತುಂಬಿ ಅವ್ವ ಕೆಮ್ಮುತ್ತ ಓಡಿಬಂದಳು.

"ಅದು ಮಾವನ್ನ ತೊಳೆಯಕ್ಕೆ ನೀರು ಕಾಯ್ಸೋ ಒಲೆ ಕಣಪ್ಪ! ಇವತ್ತು ಅವ್ರಿಗೆ ಏನ್ ಮಾಡ್ಲಿ?"

"ಒಂದಿನ ಸ್ನಾನ ಇಲ್ದಿದ್ರೆ ಏನಾದದು ಅತ್ಗೆ?" ಎಂದ ಚಿಕ್ಕಪ್ಪ, ತಲೆ ಎತ್ತದೆ. "ಇದೂ ಅಯ್ಯಂದೇ ಅಲ್ವಾ?"

ಒಂದು ದಿನ ಅಲ್ಲ, ಆ ಒಲೆ ಅವರ ಕೈಲಿ ಬಹಳ ದಿನ ಇತ್ತು. ಆ ನಡುವೆ ತಾತನ ಬೆನ್ನಿನಲ್ಲಿ ಸೊಂಟದ ಮೂಳೆಯ ಮೇಲೆ ಅಂಗೈಯಗಲ ಹುಣ್ಣು ಬಾಯಿಬಿಟ್ಟಿತು. ಬೂಸಾ ಕೋಣೆಯ ನೊಣಗಳು ಅದನ್ನು ಬೇಗ ಪತ್ತೆಹಚ್ಚಿದವು. ಅವ್ವ ಕೇಳುವುದನ್ನು ನಿಲ್ಲಿಸಲಿಲ್ಲ. ಪ್ರತಿ ಬೆಳಗ್ಗೆ ಪಡಸಾಲೆಗೆ ಬಂದು, ನೆಲದಲ್ಲಿ ಹರಡಿದ ನಟ್ಟು ಬೋಲ್ಟುಗಳ ಆಚೆ ನಿಂತು, ವಸಿ ಬಂದು ಇಡ್ಕಳಿ ಎನ್ನುವಳು. ಈಗ ಬಂದೆ, ಕೈಯೆಲ್ಲ ಗ್ರೀಸು ಎನ್ನುವರು. ಊರಿನವರು ಮಾತ್ರ ದಿನವೂ ಬೈಕು ನೋಡಲು ಬರುತ್ತಿದ್ದರು. ಅವರಿಗೆಲ್ಲ ಕಾಫಿ ಕಾಸುವವಳೂ ಅವ್ವನೇ. ಯಾರೋ ಒಬ್ಬರು ತಾತನನ್ನು ನೆನೆದು, ಗೌಡರು ಎಲ್ಲಿ ಎಂದು ಕೇಳಿದ್ದಕ್ಕೆ ಅಪ್ಪ, ಒಳಗೆ ಮಲಗವ್ರೆ ಎಂದ. ಯಾವ ಒಳಗೆ ಎಂದು ಅವರು ಕೇಳಲಿಲ್ಲ.

ಟ್ಯಾಂಕಿಗೆ ಬಣ್ಣ ಹೊಡೆಸಿಕೊಂಡು ಬಂದ ದಿನ ಬಿದಿರು ಬುಟ್ಟಿ ಖಾಲಿಯಾಗಿತ್ತು. ಅವ್ವ ಹುಡುಕಿಕೊಂಡು ಪಡಸಾಲೆಗೆ ಬಂದರೆ, ಕುದಿಸಿ ಮಡಿಸಿದ್ದ ಬಟ್ಟೆಗಳೆಲ್ಲ ಪಾಲಿಶ್ ಮೆತ್ತಿಕೊಂಡು ಕಪ್ಪಗೆ ನೆಲದಲ್ಲಿ ಬಿದ್ದಿದ್ದವು. ಅಪ್ಪ ಅದರಲ್ಲೇ ಒಂದು ಚೂರು ಹಿಡಿದು ಟ್ಯಾಂಕನ್ನು ಮೆಲ್ಲಗೆ, ಸುತ್ತು ಸುತ್ತಾಗಿ ಒರೆಸುತ್ತಿದ್ದ. ನಮ್ಮಪ್ಪನಿಗೆ ಅಷ್ಟು ಮೆತ್ತಗೆ ಮುಟ್ಟಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

"ಮಾವನ ಬೆನ್ನಿಗೆ ಮಡಗಿದ್ ಬಟ್ಟೆ," ಎಂದಳು ಅವ್ವ.

"ಬ್ಯಾರೆ ಬಟ್ಟೇಲಿ ಒರುಸುದ್ರೆ ಗೀರು ಬೀಳ್ತದೆ ಕಣೆ. ಒಸಾ ಪೇಂಟು," ಎಂದ ಅಪ್ಪ.

ಅವ್ವ ಒಳಗೆ ಹೋಗಿ ಟ್ರಂಕು ತೆಗೆದು, ಹಬ್ಬಕ್ಕೆಂದು ಇಟ್ಟಿದ್ದ ಒಂದೇ ಒಂದು ಒಳ್ಳೇ ಹತ್ತಿ ಸೀರೆಯನ್ನು ಹಲ್ಲಿನಿಂದ ಕಚ್ಚಿ ಹರಿದಳು. ನಾನು ಅವಳ ಹಿಂದೆಯೇ ಬೂಸಾ ಕೋಣೆಗೆ ಹೋದೆ. ಬಾಗಿಲಲ್ಲೇ ನಿಂತೆ, ಉಸಿರು ಬಿಗಿಹಿಡಿಯಲು ಮರೆತಿದ್ದೆ. ಒಳಗಿನ ವಾಸನೆ ಕೆಟ್ಟದಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಪಡಸಾಲೆಯ ಸೀಮೆಎಣ್ಣೆ ನಾತದಿಂದ ಬಂದ ನನಗೆ ಅದು ನಮ್ಮ ತಾತನ ವಾಸನೆ, ಅಷ್ಟೆ ಎನಿಸಿತು. ಅಂದಿನಿಂದ ಅವ್ವ ಬಟ್ಟೆ ಬದಲಿಸುವಾಗ ನಾನು ನೊಣ ಓಡಿಸುತ್ತ ನಿಲ್ಲುತ್ತಿದ್ದೆ. ಹಿಡಿದುಕೋ ಎಂದು ಅವಳು ನನ್ನನ್ನು ಕೇಳಲಿಲ್ಲ. ಆ ಕೆಲಸಕ್ಕೆ ಮನೆಯಲ್ಲಿ ಇಬ್ಬರು ಗಂಡುಮಕ್ಕಳಿದ್ದಾರೆ ಎಂಬುದನ್ನು ಅವಳು ಇನ್ನೂ ಬಿಟ್ಟುಕೊಟ್ಟಿರಲಿಲ್ಲ.

ಆಯುಧಪೂಜೆಯ ದಿನ ಬೈಕು ಅಂಗಳಕ್ಕೆ ಇಳಿಯಿತು. ಹೊಸ ರೆಕ್ಸಿನ್ನಿನ ಸೀಟು, ವಿಭೂತಿ ಪಟ್ಟೆ, ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಸೋದರತ್ತೆ ರೇಷ್ಮೆ ಸೀರೆಯಲ್ಲಿ ಬಂದಿಳಿದಿದ್ದಳು. ಹಾಸನದಿಂದ ಫೋಟೋದವನನ್ನೂ ಕರೆಸಿದ್ದರು. ಕುಂಬಳಕಾಯಿ ಒಡೆದು ಚಿಕ್ಕಪ್ಪ ಕಿಕ್ಕರ್ ತುಳಿದ. ಕೆಮ್ಮಿತು, ಇನ್ನೊಂದು ಸಲ ಕೆಮ್ಮಿತು, ಆಮೇಲೆ ನೀಲಿ ಹೊಗೆ ಕಾರುತ್ತ ಸ್ಟಾರ್ಟ್ ಆಯಿತು. ಊರೇ ಹೋ ಎಂದಿತು. ಅಪ್ಪನ ಕಣ್ಣಲ್ಲಿ ನೀರು. ಅಣ್ಣತಮ್ಮ ಇಬ್ಬರೂ ಬೂಸಾ ಕೋಣೆಗೆ ಓಡಿದರು. ಅಷ್ಟು ದಿನ ಕರೆದರೂ ಬಾರದಿದ್ದವರು ಮೂಗಿಗೆ ಟವೆಲು ಸುತ್ತಿಕೊಂಡು ತಾತನನ್ನು ಎತ್ತಿದರು. ಒಬ್ಬ ತೋಳು, ಒಬ್ಬ ಕಾಲು.

"ಬ್ಯಾಡಿ, ಬ್ಯಾಡಿ, ಕೂರುಸ್ಬ್ಯಾಡಿ! ಉಣ್ಣು ಆರಿಲ್ಲ!" ಅವ್ವ ಅಡ್ಡ ನಿಂತಳು.

"ಒಂದ್ ನಿಮ್ಸ ಸುಮ್ಕಿರೆ. ಅಯ್ಯಂಗೆ ಮಾತು ಬತ್ತದೆ," ಎಂದು ಅಪ್ಪ ಅವಳನ್ನು ಪಕ್ಕಕ್ಕೆ ತಳ್ಳಿದ.

ಬಿಳಿ ಪಂಚೆ, ತಲೆಗೆ ಪೇಟ, ಕೊರಳಿಗೆ ಹಾರ. ಇಂಜಿನ್ ಓಡುತ್ತಲೇ ನಿಂತಿದ್ದ ಗಾಡಿಯ ಮೇಲೆ ತಾತನನ್ನು ಕೂರಿಸಿ, ಬಿದ್ದುಹೋಗಿದ್ದ ಬಲಗೈಯನ್ನು ಟವೆಲಿನಿಂದ ಹ್ಯಾಂಡಲ್ಲಿಗೆ ಕಟ್ಟಿ, ಚಿಕ್ಕಪ್ಪ ಹಿಂದಿನಿಂದ ಬಗ್ಗಿ ಆಸರೆಯಾಗಿ ಹಿಡಿದುಕೊಂಡ. ಇಂಜಿನ್ನಿನ ಅದುರಾಟಕ್ಕೆ ತಾತನ ಗಲ್ಲ, ಕೆನ್ನೆ ಎಲ್ಲ ನಡುಗುತ್ತಿತ್ತು.

"ಬ್ಯಾಡ," ಎಂದರು ತಾತ. "ಬ್ಯಾಡ ಬ್ಯಾಡ ಬ್ಯಾಡ."

"ನೋಡುದ್ರಾ! ಅಯ್ಯ ಮಾತಾಡ್ತಾ ಅವ್ರೆ!" ಸೋದರತ್ತೆ ಚಪ್ಪಾಳೆ ತಟ್ಟಿದಳು.

"ವಸಿ ನಗ್ಸಿ ಸಾ," ಎಂದ ಫೋಟೋದವನು. ಮುಂದೆ ಸಂಕ್ರಾಂತಿ ಬರುವ ಮೊದಲೇ ತಾತ ತೀರಿಕೊಂಡಾಗ ಗೋಡೆಗೆ ಹಾಕಲು ಸಿಕ್ಕಿದ್ದು ಅದೇ ಫೋಟೋ. ಸೊಂಟದಿಂದ ಕೆಳಗಿನದನ್ನು ಕತ್ತರಿಸಿ ಕಟ್ಟು ಹಾಕಿಸಿದರು. ಯಾಕೆಂದರೆ ಅವನು ಫೋಟೋ ಹೊಡೆಯುವ ಹೊತ್ತಿಗೆ ಕೆಳಗೆ ಪಂಚೆ ಕೆಂಪಾಗಿತ್ತು. ಹುಣ್ಣು ಒಡೆದು ಕೀವು ರಕ್ತ ಹೊಸ ಸೀಟಿನ ಮೇಲೆ ಹರಿಯಿತು. ಅದರ ಹಿಂದೆಯೇ ಉಚ್ಚೆ. ಕಾದ ಇಂಜಿನ್ನಿನ ಮೇಲೆ ಬಿದ್ದು ಚುರ್ ಎಂದು ಆವಿ ಎದ್ದಿತು. ಚಿಕ್ಕಪ್ಪ ಕೂಗಿಕೊಂಡು ಹಿಂದಕ್ಕೆ ಹಾರಿದ. ಅವನು ಕೂಗಿದ್ದು ಅಯ್ಯಾ ಎಂದಲ್ಲ.

"ಅಯ್ಯಯ್ಯೋ, ಸೀಟು! ಸೀಟು!"

ಹಿಂದೆ ಆಸರೆಯಿಲ್ಲದೆ ತಾತ ವಾಲಿದರು. ಅವ್ವ ಓಡಿಬಂದು ಎದೆಗೊಟ್ಟು ಹಿಡಿದಳು. ಟವೆಲಿನ ಗಂಟನ್ನು ನಾನು ಬಿಚ್ಚಿದೆ. ಅಪ್ಪ ಮೂಗು ಹಿಡಿದುಕೊಂಡು ಆ ಕಡೆ ತಿರುಗಿ ನಿಂತಿದ್ದ. ಸೋದರತ್ತೆ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಂದೆ ಸರಿದಳು. ಅವ್ವ ಕಂಕುಳಿಗೆ ಕೈ ಕೊಟ್ಟು, ನಾನು ಕಾಲು ಹಿಡಿದು, ಎಳೆಯುವುದೋ ಹೊರುವುದೋ ತಿಳಿಯದೆ ಬಚ್ಚಲುಮನೆ ಸೇರಿಸಿದೆವು. ತಾತನನ್ನು ಕಲ್ಲಿನ ಮೇಲೆ ಮಲಗಿಸುವಷ್ಟರಲ್ಲಿ ಅಂಗಳದಿಂದ ಚಿಕ್ಕಪ್ಪನ ಧ್ವನಿ ಬಂತು.

"ಅತ್ಗೆ, ಅಂಡೇಲಿ ಬಿಸ್ನೀರು ಅದಾ? ಸೀಟ್ ತೊಳೀಬೇಕು. ಕಲೆ ನಿಂತ್ಕಂಡ್ಬುಡ್ತದೆ."

ಅವ್ವ ಹಂಡೆಯ ನೀರನ್ನು ಚೆಂಬಿನಲ್ಲಿ ಮೊಗೆದು ತಾತನ ಕಾಲ ಮೇಲೆ ಸಣ್ಣಗೆ ಹುಯ್ಯುತ್ತ ಬಂದಳು. ನನ್ನ ಕೈ, ಲಂಗ ಎಲ್ಲ ತಾತನದೇ ಕೊಳೆ. ವಾಂತಿ ಬರುತ್ತದೆ ಎಂದು ಕಾದೆ, ಬರಲಿಲ್ಲ. ಹೊರಗೆ ಬಾವಿ ಹಗ್ಗ ಎಳೆಯುವ ಶಬ್ದ, ಬಕೆಟ್ಟು ಸುರಿಯುವ ಶಬ್ದ, ಉಜ್ಜುವ ಶಬ್ದ. ಸ್ವಲ್ಪ ಹೊತ್ತಿಗೆ ಅಣ್ಣತಮ್ಮಂದಿರ ನಗು. ಆಮೇಲೆ ಕಿಕ್ಕರ್ ತುಳಿದರು. ಗಾಡಿ ಒಂದೇ ತುಳಿತಕ್ಕೆ ಸ್ಟಾರ್ಟ್ ಆಯಿತು. ಮಕ್ಕಳು ಕೂಗುತ್ತ ಹಿಂದೆ ಓಡಿದರು. ಶಬ್ದ ಬೀದಿ ದಾಟಿ, ಕೆರೆ ಏರಿ ಹತ್ತಿ, ಕಟ್ಟಾಯದ ಕಡೆಗೆ ಸಣ್ಣದಾಗುತ್ತ ಹೋಯಿತು. ಅವ್ವ ಚೆಂಬು ಹಿಡಿದ ಕೈಯನ್ನು ನಿಲ್ಲಿಸಿ, ಅದು ಕೇಳಿಸುವಷ್ಟು ಹೊತ್ತೂ ಕೇಳಿಸಿಕೊಂಡಳು.

"ಇಬ್ರೂ ಒಂಟೋದ್ರು," ಎಂದಳು. ಆಮೇಲೆ ಚೆಂಬು ಕೆಳಗಿಟ್ಟು ಮೊದಲ ಸಲ ನನ್ನ ಮುಖ ನೋಡಿದಳು. "ಬಾ ಮಗ. ನೀನೇ ಆ ಕಡೆ ಇಡ್ಕೊ."

ನಾನು ಹಿಡಿದುಕೊಂಡೆ.